ತೋಳಿನ ವಾಸನೆ

ವಾಸನೆ ಹೋಗಿರಲಿಲ್ಲ. ಮೊರ್ವೆನಾ ಸಭಾಭವನಕ್ಕೆ ಬಂದವಳೇ ಹಿಂದಿನ ಬಚ್ಚಲಿಗೆ ಹೋಗಿ ಸೋಪು ಹಚ್ಚಿ ಕೈ ತೊಳೆದುಕೊಂಡಿದ್ದಳು, ಉಗುರಿನ ಸಂದಿಯನ್ನೂ ಬಿಟ್ಟಿರಲಿಲ್ಲ. ಆದರೆ ವಾಸನೆ ಇದ್ದದ್ದು ಕೈಯಲ್ಲಲ್ಲ, ಸ್ವೆಟರಿನ ಬಲತೋಳಿನಲ್ಲಿ. ಹಸಿ ಮಣ್ಣು, ಹುಳಿಹಾಲು, ನೆನೆದ ಉಣ್ಣೆ ಎಲ್ಲ ಸೇರಿದಂಥ ನಾತ. ಮೂಲೆಯ ಹೀಟರ್ ಬಿಸಿಯಾದಷ್ಟೂ ಅದು ಮೇಲೇಳುತ್ತಿತ್ತು. ಎದುರಿಗೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತವರೆಲ್ಲ ರಸ್ತೆಯಲ್ಲಿ ತಾಯಿ ಸತ್ತು ಅನಾಥವಾದ ಕಾಡುಪ್ರಾಣಿಗಳ ಮರಿಗಳನ್ನು ಸಾಕುವುದು ಕಲಿಯಲು ಬಂದವರು. ಇಷ್ಟು ವರ್ಷ ಈ ಪಾಠ ಹೇಳುತ್ತಿದ್ದದ್ದು ಐಲ್ಸಾ. ಬಾತ್‌ವೆಲ್ ಸುತ್ತಮುತ್ತ ಮರಿ ಸಾಕುವವರೆಲ್ಲ ಅವರ ಕೈಯಲ್ಲೇ ಪಳಗಿದವರು, ಮೊರ್ವೆನಾ ಕೂಡ. ಈ ಸಲ ಅವರು ಫೋನು ಮಾಡಿ, "ನನ್ನ ಗಂಟಲು ಹೋಯ್ತು, ಇನ್ಮೇಲೆ ನೀನೇ ಹೇಳು" ಎಂದುಬಿಟ್ಟಿದ್ದರು. ಈಗ ಹಿಂದಿನ ಸಾಲಿನಲ್ಲಿ ಕಿಟಕಿ ಪಕ್ಕ ಹೆಣಿಗೆ ಹಿಡಿದು ಕೂತಿದ್ದರು, ತಲೆ ಎತ್ತುತ್ತಿರಲಿಲ್ಲ. ತಲೆ ಎತ್ತದಿದ್ದರೂ ಅವರಿಗೆ ಎಲ್ಲ ಕಾಣುತ್ತದೆಂದು ಮೊರ್ವೆನಾಗೆ ಗೊತ್ತಿತ್ತು. ಮುಂದಿನ ಸಾಲಿನಲ್ಲಿ ಹೊಬಾರ್ಟಿನಿಂದ ಬಂದ ಪೆಟ್ರಾ ಎಂಬಾಕೆ ಮೂಗು ಸಿಂಡರಿಸಿ, "ಏನೋ ವಾಸ್ನೆ ಅಲ್ವಾ? ಇಲಿಗಿಲಿ ಸತ್ತಿರ್ಬೇಕು" ಎಂದು ಪಕ್ಕದವಳಿಗೆ ಹೇಳಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಮೊರ್ವೆನಾ ತನ್ನ ತೋಳನ್ನು ಮುಟ್ಟಿಕೊಂಡು ಮೇಜಿನ ಕೆಳಗೆ ಇಳಿಸಿದಳು.

ಬೆಳಿಗ್ಗೆ ಈ ಸ್ವೆಟರ್ ಹಾಕಿಕೊಳ್ಳಲೇಬಾರದಿತ್ತು. ಪಾಠಕ್ಕೆಂದೇ ತೆಗೆದಿಟ್ಟಿದ್ದ ನೀಲಿ ಸ್ವೆಟರ್ ಅದು. ದಾರಿಯಲ್ಲಿ ಎಲ್ಲೂ ನಿಲ್ಲಿಸಬಾರದು ಎಂದು ತಮ್ಮ ಡೆನ್ಜಿಲ್‌ಗೆ ಹೇಳಿಯೂ ಇದ್ದಳು. "ನಾನು ನಿಲ್ಲಿಸಲ್ಲಮ್ಮ, ನೀನೇ ನಿಲ್ಸು ಅಂತೀಯ ನೋಡ್ತಿರು" ಎಂದು ಅವನು ನಕ್ಕಿದ್ದ. ಸರೋವರದ ಕಡೆಯಿಂದ ಇಳಿಯುವ ತಿರುವಿನಲ್ಲಿ, ಹಿಮ ಬಿದ್ದು ಬೆಳ್ಳಗಾದ ಹುಲ್ಲಿನ ಅಂಚಿನಲ್ಲಿ, ಕಂದು ಮೂಟೆಯ ಹಾಗೆ ವಾಂಬ್ಯಾಟ್ ಬಿದ್ದಿತ್ತು, ಕಾಂಗರೂವಿನ ಹಾಗೆ ಹೊಟ್ಟೆಯ ಚೀಲದಲ್ಲಿ ಮರಿ ಹೊರುವ, ಬಿಲ ತೋಡುವ ಪ್ರಾಣಿ. ನಿಲ್ಲಿಸು ಎಂದು ಅವಳೇ ಹೇಳಿದಳು. ರಾತ್ರಿ ಯಾವುದೋ ಮರದ ಲಾರಿ ಹೊಡೆದು ಹೋಗಿರಬೇಕು. ಹೆಣ್ಣು. ಮೊಣಕಾಲೂರಿ, ತೆಳ್ಳನೆಯ ಕೈಗವಸು ಎಳೆದುಕೊಂಡು, ಹಿಂಗಾಲುಗಳ ನಡುವೆ ಹಿಂದಕ್ಕೆ ಬಾಯಿ ತೆರೆದ ಚೀಲದೊಳಗೆ ಕೈ ತೂರಿಸಿದಳು. ಕೈಗವಸು ಇದ್ದದ್ದು ಮಣಿಕಟ್ಟಿನವರೆಗೆ. ಚೀಲ ಅದಕ್ಕಿಂತ ಆಳವಾಗಿತ್ತು. ಅಷ್ಟರಲ್ಲೇ ಹಿಂದಿನಿಂದ ಆ ವ್ಯಾನು ಬಂದದ್ದು. ತೆರೆದ ಹಿಂಭಾಗದಲ್ಲಿ ಮರ ಕೊಯ್ಯುವ ಯಂತ್ರ, ಎರಡು ನಾಯಿ. ಒಳಗೆ ಸೌದೆಗೆಂದು ಗುಡ್ಡಕ್ಕೆ ಹೊರಟ ಮೂವರು ಗಂಡಸರು. ಗಾಡಿ ನಿಧಾನ ಮಾಡಿದರು. ಕಿಟಕಿಯ ಪಕ್ಕದಲ್ಲಿದ್ದ ಕೆಂಪು ಗಡ್ಡದವನು ತಲೆ ಹೊರಗೆ ಹಾಕಿ, "ಏನಮ್ಮಾ, ಬೀಗದ ಕೈ ಕಳ್ಕೊಂಡ್ರಾ ಅದರೊಳಗೆ?" ಎಂದ. ಉಳಿದವರು ಹೋ ಎಂದು ನಕ್ಕರು. ನಾಯಿಗಳೂ ಬೊಗಳಿದವು. ಡೆನ್ಜಿಲ್ ಕೂಡ ಕಾರಿನೊಳಗೆ ತುಟಿ ಕಚ್ಚಿಕೊಂಡದ್ದನ್ನು ಅವಳು ಕಂಡಳು. ತನ್ನ ದೊಡ್ಡ ಹಿಂಭಾಗ ರಸ್ತೆಯ ಕಡೆಗೆ ತಿರುಗಿದೆ, ಮೊಣಕೈಯವರೆಗೆ ಕೈ ಸತ್ತ ಪ್ರಾಣಿಯ ಹಿಂಬದಿಯಲ್ಲಿದೆ, ಇದು ನೋಡುವವರಿಗೆ ಹೇಗೆ ಕಾಣುತ್ತಿದೆ ಎಂಬುದೆಲ್ಲ ಒಮ್ಮೆಲೇ ಹೊಳೆದು ಕಿವಿ ಬಿಸಿಯಾಯಿತು. ಕೈ ಎಳೆದುಕೊಂಡಳು. ಮರಿ ಇಲ್ಲ. ತನ್ನ ಕೈಚೀಲದಿಂದ ಗುಲಾಬಿ ಬಣ್ಣದ ಸ್ಪ್ರೇ ಡಬ್ಬಿ ತೆಗೆದು ಹೆಣದ ಪಕ್ಕೆಯ ಮೇಲೆ ಬುಸ್ಸೆಂದು ದೊಡ್ಡ ಕತ್ತರಿ ಗುರುತು ಹಾಕಿ ಕಾರು ಹತ್ತಿದಳು. ನೋಡಿಯಾಗಿದೆ, ಇನ್ನು ಯಾರೂ ನಿಲ್ಲುವುದು ಬೇಡ ಎಂದು ಆ ಗುರುತಿನ ಅರ್ಥ. ಈ ಸೀಮೆಯಲ್ಲಿ ಮಕ್ಕಳಿಗೂ ಅದು ಗೊತ್ತು.

"ಶುರು ಮಾಡು ಮೊರ್ವೆನಾ" ಎಂದರು ಐಲ್ಸಾ, ಹೆಣಿಗೆಯಿಂದ ಕಣ್ಣೆತ್ತದೆ. ಅವಳು ಮೇಜಿನ ಮೇಲಿದ್ದ ಬಟ್ಟೆಯ ವಾಂಬ್ಯಾಟನ್ನು ಹತ್ತಿರಕ್ಕೆಳೆದುಕೊಂಡಳು. ಹಳೆಯ ಕಂಬಳಿಯಲ್ಲಿ ಐಲ್ಸಾ ಹೊಲಿದದ್ದು. ಹೊಟ್ಟೆಗೊಂದು ಚೀಲ, ಚೀಲದೊಳಗೆ ಹುರಿಯಿಂದ ಮಾಡಿದ ಎರಡು ಮೊಲೆತೊಟ್ಟು. ಮೊದಮೊದಲು ಮಾತು ಸರಾಗವಾಗಿಯೇ ಬಂತು. ಹುಟ್ಟುವಾಗ ಮರಿ ಅವರೆಕಾಳಿನಷ್ಟೇ ಇರುತ್ತದೆ, ಕಣ್ಣಿಲ್ಲ, ಕಿವಿಯಿಲ್ಲ, ಆದರೂ ತಾನೇ ತೆವಳಿ ಚೀಲ ಸೇರುತ್ತದೆ, ತೊಟ್ಟು ಬಾಯೊಳಗೆ ಉಬ್ಬಿ ಕಚ್ಚಿಕೊಳ್ಳುತ್ತದೆ, ಅಂಥ ಮರಿಯನ್ನು ಯಾವತ್ತೂ ಎಳೆದು ಕೀಳಬಾರದು ಎಂದು ಹೇಳಿದಳು. ಪೆಟ್ರಾ ಕೈ ಎತ್ತಿ, "ಕಾಂಗರೂದು ಮೇಲ್ಮುಖ, ಇದರದ್ದು ಯಾಕೆ ಹಿಂದಕ್ಕೆ?" ಎಂದು ಕೇಳಿದಳು. "ನೆಲ ಅಗೆಯೋ ಪ್ರಾಣಿ ನೋಡಿ. ಮುಂದಕ್ಕಿದ್ರೆ ಮಣ್ಣೆಲ್ಲ ಮಗೂ ಬಾಯಿಗೇ ಹೋಗಲ್ವಾ?" ಎಂದಾಗ ಎಲ್ಲರೂ ನಕ್ಕರು, ಅವಳಿಗೂ ಧೈರ್ಯ ಬಂತು. "ಸಮುದ್ರದ ಆಚೆ ದಡದ ಕೋಲಾನೂ ಇದರ ದಾಯಾದಿನೇ. ಈಗ ಮರದ ಮೇಲೆ ಸಂಸಾರ, ಆದ್ರೂ ಚೀಲ ಮಾತ್ರ ಕೆಳಗೇ ತೆರ್ಕೊಂಡಿದೆ. ಯಾವ ಕಾಲದಲ್ಲೋ ಇವೆರಡರ ಮೂಲದಜ್ಜಿ ಬಿಲ ತೋಡ್ತಿದ್ದಳಂತೆ. ಕಸುಬು ಬಿಟ್ರೂ ಚೀಲ ಬಿಡ್ಲಿಲ್ಲ." ಐಲ್ಸಾ ಹಿಂದಿನಿಂದ ಹ್ಞೂಂ ಎಂದರು. ಆ ಹ್ಞೂಂಕಾರಕ್ಕೆ ಮೊರ್ವೆನಾಗೆ ಚಿಕ್ಕ ಹುಡುಗಿಯ ಹಾಗೆ ಖುಷಿಯಾಯಿತು.

ಆಮೇಲೆ ಅವಳು ಎಲ್ಲಕ್ಕಿಂತ ಮುಖ್ಯವಾದ ವಿಷಯಕ್ಕೆ ಬಂದಳು. ಅದು ಐಲ್ಸಾ ಕಲಿಸಿದ ಪದ್ಧತಿ. ಚೀಲದೊಳಗೆ ಕೈ ಹಾಕಿದಾಗ ಬಾಯಿ ಮುಚ್ಚಿಕೊಂಡಿರಬಾರದು, ಕೈಗೆ ಸಿಕ್ಕಿದ್ದನ್ನೆಲ್ಲ ಗಟ್ಟಿಯಾಗಿ ಹೇಳುತ್ತ ಹೋಗಬೇಕು. ಯಾರೂ ಇಲ್ಲದಿದ್ದರೂ ಹೇಳಬೇಕು. ಚಳಿ, ಅವಸರ, ಲಾರಿಯ ಭಯ, ಇವೆಲ್ಲದರ ನಡುವೆ ಕೈ ಮುಟ್ಟುತ್ತದೆ, ತಲೆ ಕೇಳಿಸಿಕೊಳ್ಳುವುದಿಲ್ಲ, ಅದಕ್ಕೇ ಕಿವಿಗೆ ಬೀಳಬೇಕು ಎಂದು ಐಲ್ಸಾ ಹೇಳುತ್ತಿದ್ದರು. "ಹೀಗೆ" ಎಂದು ಮೊರ್ವೆನಾ ಕಂಬಳಿಯ ಚೀಲದೊಳಗೆ ಬಲಗೈ ತೂರಿಸಿ ಕಣ್ಣು ಮುಚ್ಚಿದಳು. "ಚೀಲ ಸಡಿಲವಾಗಿದೆ. ಮರಿ ಇಲ್ಲ. ಎರಡು ತೊಟ್ಟು. ಒಂದು ಚಿಕ್ಕದು, ಗುಂಡಿಯ ಹಾಗೆ. ಇನ್ನೊಂದು..." ಹುರಿಯ ತೊಟ್ಟು ಬೆರಳ ನಡುವೆ ಜಾರಿತು. ಉದ್ದದ್ದು. ಐಲ್ಸಾ ಬೇಕೆಂದೇ ಹಾಗೆ ಹೊಲಿದಿದ್ದರು. ಆದರೆ ಬೆರಳು ಹುರಿಯನ್ನು ಮುಟ್ಟುತ್ತಿರಲಿಲ್ಲ, ಬೆಳಗಿನದನ್ನು ಮುಟ್ಟುತ್ತಿತ್ತು. ತಣ್ಣಗಿನ, ಒದ್ದೆಯಾದ, ಮೆತ್ತಗಿನದೊಂದು ಕಿರುಬೆರಳುದ್ದ ಜೋತುಬಿದ್ದು ಕೈಗವಸಿಗೆ ತಾಗಿ ಸರಿದುಹೋಗಿತ್ತು. ಅದು ಸರಿದದ್ದಕ್ಕೂ ಬೀಗದ ಕೈ ಎಂದು ಯಾರೋ ಕೂಗಿದ್ದಕ್ಕೂ ನಡುವೆ ಒಂದು ಉಸಿರಿನಷ್ಟೂ ಅಂತರವಿರಲಿಲ್ಲ. ಬೆಳಿಗ್ಗೆ ತಾನು ಬಾಯಿ ಬಿಟ್ಟು ಏನನ್ನೂ ಹೇಳಿರಲಿಲ್ಲ. ಆ ಗಂಡಸರ ಮುಂದೆ ಹೆಣದ ಜೊತೆ ಮಾತಾಡುವ ಹುಚ್ಚಿಯಾಗುವುದು ಬೇಡವೆಂದು ಹಲ್ಲು ಕಚ್ಚಿಕೊಂಡಿದ್ದಳು.

"ಇನ್ನೊಂದು ಉದ್ದ ಇದ್ರೆ ಏನರ್ಥ?" ಎಂದು ಪೆಟ್ರಾ ಕೇಳಿದಳು, ಬರೆದುಕೊಳ್ಳಲು ಪೆನ್ನು ಹಿಡಿದು. ಮೊರ್ವೆನಾ ಕಣ್ಣು ತೆರೆದಳು. "ಮರಿ ದೊಡ್ಡದಾಗಿದೆ ಅಂತ. ಚೀಲ ಬಿಟ್ಟಿದೆ, ಹಾಲು ಬಿಟ್ಟಿಲ್ಲ. ಹೊರಗೆ ತಾಯಿ ಹಿಂದೇನೇ ಓಡಾಡ್ಕೊಂಡಿರುತ್ತೆ." "ತಾಯಿ ಸತ್ರೆ?" "ಅಲ್ಲೇ ಸುತ್ತಮುತ್ತ ಅಡಗಿರುತ್ತೆ. ಹುಡುಕ್ಬೇಕು." ಹುಡುಕದಿದ್ದರೆ ಎಂದು ಪೆಟ್ರಾ ಕೇಳಲಿಲ್ಲ. ಮೊರ್ವೆನಾ ತಾನೇ ಅವಸರವಸರವಾಗಿ, "ಟೀ ಕುಡಿಯೋಣ್ವಾ?" ಎಂದುಬಿಟ್ಟಳು. ಪಾಠ ಶುರುವಾಗಿ ಅಷ್ಟು ಹೊತ್ತೂ ಆಗಿರಲಿಲ್ಲ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು ಎದ್ದರು. ಐಲ್ಸಾರ ಸೂಜಿಗಳು ನಿಂತಿದ್ದವು.

ಬಚ್ಚಲಿನ ಕನ್ನಡಿಯಲ್ಲಿ ಅವಳ ಮುಖ ಬಿಳಿಚಿಕೊಂಡಿತ್ತು. ಉದ್ದವಿತ್ತೋ ಇಲ್ಲವೋ. ಸತ್ತ ಮೇಲೆ ಎಲ್ಲವೂ ಜೋಲುಬೀಳುತ್ತವೆ. ಚರ್ಮದ ಮಡಿಕೆಯೇ ಹಾಗೆ ತಾಗಿರಬಹುದು. ಬಿಡು, ನೀನು ಯಾವಾಗಲೂ ಹೀಗೇ, ಒಲೆ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ವಾಪಸು ಹೋದವಳು. ಆದರೆ ಒಲೆಯ ವಿಷಯದಲ್ಲಿ ಅವಳ ಕೈಗೆ ಯಾವತ್ತೂ ಇಂಥ ನೆನಪು ಇರುತ್ತಿರಲಿಲ್ಲ, ಅನುಮಾನ ಮಾತ್ರ ಇರುತ್ತಿತ್ತು. ಈಗ ಅನುಮಾನವಿದ್ದದ್ದು ತಲೆಯಲ್ಲಿ, ಕೈಗೆ ಯಾವ ಅನುಮಾನವೂ ಇರಲಿಲ್ಲ. ತೋಳನ್ನಾದರೂ ತೊಳೆದುಬಿಡೋಣವೆಂದು ನಲ್ಲಿ ತಿರುಗಿಸಿದಳು. ಅಷ್ಟರಲ್ಲಿ ಡೆನ್ಜಿಲ್ ಬಾಗಿಲು ತಟ್ಟಿ ಇಣುಕಿದ, ಕೈಯಲ್ಲಿ ಅರ್ಧ ತಿಂದ, ಚಿಪ್ಪುಮೀನು ತುಂಬಿದ ಸ್ಕಾಲಪ್ ಪೈ. "ಏನಾಯ್ತೇ? ಅಲ್ಲಿ ಎಲ್ಲ ಗುಸುಗುಸು ಅಂತಿದಾರೆ." ಅವಳು ಹೇಳಿದಳು. ಅವನು ಪೈ ಅಗಿಯುತ್ತ ಕೇಳಿಸಿಕೊಂಡ. "ನೋಡು ಮೊರ್, ಗುರುತು ಹಾಕಿ ಬಂದಿದೀಯ. ಈಗ ಈ ಜನರ ಮುಂದೆ ಅದನ್ನ ಹೇಳಿದ್ರೆ ನಿನ್ನ ಮಾತು ಇನ್ಯಾರು ಕೇಳ್ತಾರೆ? ಮೊದಲನೇ ದಿನಾನೇ ಮರ್ಯಾದೆ ಕಳ್ಕೋತೀಯ. ಪಾಠ ಮುಗಿಸು. ಸಾಯಂಕಾಲ ಹೋಗ್ತಾ ನೋಡ್ಕೊಂಡು ಹೋಗೋಣ, ಯಾರಿಗೂ ಗೊತ್ತಾಗಲ್ಲ." ಒಳ್ಳೆಯ ಮಾತೇ. ಆದರೆ ಸಾಯಂಕಾಲದವರೆಗೆ ಆ ರಸ್ತೆಯಲ್ಲಿ ಎಷ್ಟೋ ಗಾಡಿ ಹೋಗುತ್ತವೆ. ಅದರಲ್ಲಿ ನಿಲ್ಲುವಂಥವರೂ ಇರುತ್ತಾರೆ. ಅವರು ಕಾಲು ಬ್ರೇಕಿನ ಮೇಲಿಡುವಷ್ಟರಲ್ಲಿ ಗುಲಾಬಿ ಗುರುತು ಕಾಣುತ್ತದೆ, ಪಾಪ, ಯಾರೋ ನೋಡಿದ್ದಾರೆ ಎಂದು ನೆಮ್ಮದಿಯಿಂದ ಮುಂದೆ ಹೋಗುತ್ತಾರೆ. ಇವಳು ನಿಲ್ಲದೆ ಹೋಗಿದ್ದರೂ ಇದಕ್ಕಿಂತ ಮೇಲಾಗುತ್ತಿತ್ತು.

ಚಿಕ್ಕವಳಿದ್ದಾಗ ಒಂದು ದಿನ ಶಾಲೆಯ ಮೆಟ್ಟಿಲಿನ ಮೇಲೆ ಅವಳು ಹೀಗೇ ಟೋಪಿ ಹಾಕಿಕೊಂಡು, ಚೀಲ ಬೆನ್ನಿಗೇರಿಸಿ ಕೂತಿದ್ದಳು. ಡೆನ್ಜಿಲ್ ಹುಟ್ಟಿದ ದಿನ ಅದು. ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ ಅಪ್ಪ ಇವಳೊಬ್ಬಳಿದ್ದಾಳೆಂಬುದನ್ನೇ ಮರೆತಿದ್ದರು. ಟೀಚರು ಹೋದರು, ಕೈ ಬೀಸಿದರು. ಕಸ ಗುಡಿಸುವಾಕೆ ಹೋದಳು. ಗೆಳತಿಯರ ತಾಯಂದಿರು ಹೋದರು. ಟೋಪಿ ಹಾಕಿ, ಚೀಲ ಏರಿಸಿ, ಕಾಲು ಜೋಡಿಸಿ ಅಷ್ಟು ಅಚ್ಚುಕಟ್ಟಾಗಿ ಕೂತ ಹುಡುಗಿಯನ್ನು ಕರೆದುಕೊಂಡು ಹೋಗಲು ಯಾರೋ ಬರುತ್ತಲೇ ಇರುತ್ತಾರೆಂದು ಎಲ್ಲರಿಗೂ ಅನ್ನಿಸಿರಬೇಕು. ಟೋಪಿ ತೆಗೆದು ಎಸೆದು ಅತ್ತಿದ್ದರೆ ಕೇಳುತ್ತಿದ್ದರೋ ಏನೋ. ಅಳಲಿಲ್ಲ, ಅಳುವುದು ನಾಚಿಕೆ ಎಂದುಕೊಂಡಳು. ಬೆಳಕು ಹೋಗುವ ಹೊತ್ತಿಗೆ ಎದುರಿನ ಅಂಗಡಿಯ ಹೆಂಗಸು ಬಾಗಿಲು ಹಾಕಲು ಬಂದವಳು ರಸ್ತೆ ದಾಟಿ ಬಂದು, "ಯಾಕೆ ಪುಟ್ಟಿ, ಯಾರೂ ಬರ್ಲಿಲ್ವಾ?" ಎಂದಿದ್ದಳು. ಅವಳ ಮುಖ ಈಗ ನೆನಪಿಲ್ಲ. ಆ ಏಪ್ರನ್ನಿನ ಸೀಮೆಎಣ್ಣೆ ವಾಸನೆ ಮಾತ್ರ ನೆನಪಿದೆ.

ನಲ್ಲಿ ಸುಮ್ಮನೆ ಹರಿಯುತ್ತಿತ್ತು. ಮೊರ್ವೆನಾ ಅದನ್ನು ನಿಲ್ಲಿಸಿ, ಒಣ ತೋಳಿನಲ್ಲೇ ಹೊರಗೆ ಬಂದಳು. ಜನ ಟೀ ಕಪ್ಪು ಹಿಡಿದು ನಿಂತಿದ್ದರು, ಪೆಟ್ರಾಳ ತುಟಿಗೆ ಕೇಕಿನ ತೆಂಗಿನ ತುರಿ ಮೆತ್ತಿತ್ತು. "ಒಂದ್ನಿಮಿಷ" ಎಂದಳು. ದನಿ ಅವಳಿಗೇ ಅಪರಿಚಿತವೆನ್ನಿಸಿತು. "ಇವತ್ತು ಬೆಳಿಗ್ಗೆ ಸರೋವರದ ರಸ್ತೇಲಿ ನಾನೊಂದು ಚೀಲ ನೋಡ್ದೆ. ತೊಟ್ಟು ಉದ್ದ ಇತ್ತು. ಕೈಗೆ ಗೊತ್ತಾಗಿತ್ತು, ನಾನು ಬಾಯ್ಬಿಟ್ಟು ಹೇಳ್ಲಿಲ್ಲ. ಗುರುತು ಹಾಕಿ ಬಂದ್ಬಿಟ್ಟೆ." "ಅಂದ್ರೆ... ಮರಿ ಅಲ್ಲೇ ಇದೆಯಾ?" ಪೆಟ್ರಾ ಕೇಳಿದಳು. "ಇರ್ಬೇಕು." "ನೀವು ಹುಡುಕ್ಲೇ ಇಲ್ವಾ?" "ಇಲ್ಲ." ಮೊರ್ವೆನಾ ನೆಲ ನೋಡಲಿಲ್ಲ, ಐಲ್ಸಾರ ಕಡೆ ನೋಡಿದಳು. ಬಯ್ಗುಳಕ್ಕೆ ಕಾದಳು. ಐಲ್ಸಾ ಹೆಣಿಗೆಯನ್ನು ಚೀಲಕ್ಕೆ ತುರುಕಿ, ಕೋಲೂರಿ ಎದ್ದು, "ಮತ್ತೆ ಇಲ್ಲಿ ನಿಂತ್ಕೊಂಡು ಏನ್ ಮಾಡ್ತಿದೀಯೇ? ಡೆನ್ಜಿಲ್, ಕಾರು ತೆಗಿ" ಎಂದರು. ಬಾಗಿಲ ಹತ್ತಿರ ಬಂದ ಮೇಲೆ ಇವಳಿಗೊಬ್ಬಳಿಗೇ ಕೇಳುವ ಹಾಗೆ, "ಆ ಉದ್ದ ತೊಟ್ಟನ್ನ ನಾನು ಯಾಕೆ ಹೊಲಿದೆ ಅಂದ್ಕೊಂಡಿದೀಯ? ನಾನೂ ಒಂದ್ಸಲ ಮರ್ತಿದ್ದೆ ಕಣೆ" ಎಂದರು. ಆ ಮರಿ ಸಿಕ್ಕಿತ್ತೇ ಎಂದು ಕೇಳುವ ಧೈರ್ಯ ಮೊರ್ವೆನಾಗೆ ಬರಲಿಲ್ಲ.

ಕಾರುಗಳು ಸಾಲಾಗಿ ಹೊರಟವು. ಕುರಿಗಳು, ಕಲ್ಲುಬೇಲಿ, ಬೇಲಿಯಾಚೆ ಬಿಲಗಳ ಬಾಯಿಗೆ ಕಟ್ಟಿದ ಸಣ್ಣ ಪ್ಲಾಸ್ಟಿಕ್ ತೆರೆಗಳು. ವಾಂಬ್ಯಾಟು ಒಳಹೊರಗೆ ಹೋಗಿಬರುವಾಗ ಕಜ್ಜಿಯ ಔಷಧಿ ಬೆನ್ನಿಗೆ ಬೀಳಲೆಂದು ಅವಳೇ ಕಟ್ಟಿದವು. ಹೋದ ಚಳಿಗಾಲವೆಲ್ಲ ಹುಳಕಜ್ಜಿಯಿಂದ ಕಣ್ಣು ಮುಚ್ಚಿಹೋದ, ಬೋಳು ಚರ್ಮದ ವಾಂಬ್ಯಾಟುಗಳು ಹಗಲಿನಲ್ಲೇ ರಸ್ತೆಗೆ ಬಂದು ನಿಲ್ಲುತ್ತಿದ್ದವು. ಕಜ್ಜಿಯಿಂದ ಉಳಿಸಿಕೊಂಡರೆ ಲಾರಿ, ಲಾರಿಯಿಂದ ಉಳಿಸಿಕೊಂಡರೆ ತಾನು. ಹಾಗೆಂದುಕೊಂಡಾಗ ಅವಳಿಗೆ ಅಳು ಬಂತು, ಕಿಟಕಿಯ ಕಡೆ ತಿರುಗಿದಳು. ಡೆನ್ಜಿಲ್ ಒಂದು ಕೈಯಿಂದ ತನ್ನ ಕರವಸ್ತ್ರ ತೆಗೆದು ಅವಳ ಮಡಿಲಿಗೆ ಎಸೆದ. ಅದಕ್ಕೂ ಪೈ ಮೆತ್ತಿತ್ತು.

ಹೆಣ ಹಾಗೆಯೇ ಇತ್ತು. ಹಿಮ ಕರಗಿ ಹುಲ್ಲು ಹಸಿರಾಗಿತ್ತು, ಗುಲಾಬಿ ಗುರುತು ದೂರದಿಂದಲೇ ಹೊಡೆದು ಕಾಣುತ್ತಿತ್ತು. ಕಾಗೆಗಳು ಎದ್ದು ಬೇಲಿಯ ಮೇಲೆ ಕೂತವು. ಮೊರ್ವೆನಾ ಮೊಣಕಾಲೂರಿ ಮತ್ತೆ ಕೈ ಹಾಕಿದಳು, ಈ ಸಲ ಗಟ್ಟಿಯಾಗಿ ಹೇಳಿದಳು. "ಮರಿ ಇಲ್ಲ. ಒಂದು ತೊಟ್ಟು ಚಿಕ್ಕದು. ಇನ್ನೊಂದು ಉದ್ದ." ಅನುಮಾನ ಹೋಯಿತು, ಭಯ ಉಳಿಯಿತು. ಜನ ಹುಲ್ಲಿನ ಕಂತೆಗಳನ್ನು ಸರಿಸುತ್ತ, ಬಾಗಿ ಬಾಗಿ ನೋಡುತ್ತ ಇಳಿಜಾರಿನಲ್ಲಿ ಹರಡಿಕೊಂಡರು. ಬಿಲವಿದ್ದ ದಿಬ್ಬ ನೋಡಿದರು, ಬಿದ್ದ ಮರದ ಕೆಳಗೆ ನೋಡಿದರು. ಕಾಗೆಯೊಂದರ ಕೊಕ್ಕಿನಲ್ಲಿ ಏನೋ ಕೆಂಪಗೆ ಕಂಡು ಮೊರ್ವೆನಾ ಆ ಕಡೆ ಓಡಿದಳು, ನೋಡಿದರೆ ಯಾರೋ ಎಸೆದ ಪೊಟ್ಟಣದ ಚೂರು. ಅಷ್ಟರಲ್ಲಿ ಪೆಟ್ರಾ ರಸ್ತೆಯ ಕೆಳಗಿನಿಂದ ಕೂಗಿದಳು. "ಇಲ್ಬನ್ನಿ! ಇದೇನು, ಸಣ್ಣ ಸಣ್ಣ ಚೌಕ?"

ರಸ್ತೆಯಡಿ ನೀರು ಹಾಯುವ ಸಿಮೆಂಟಿನ ಮೋರಿಯ ಬಾಯಲ್ಲಿ, ಕೆಸರಿನ ಮೇಲೆ ವಾಂಬ್ಯಾಟಿನ ಹಿಕ್ಕೆ ಬಿದ್ದಿತ್ತು. ದೊಡ್ಡವು ಹಾಕುವಂಥದೇ ಚೌಕ, ಆದರೆ ಒಂದೊಂದೂ ಬಟಾಣಿಗಿಂತ ಚೂರು ದಪ್ಪ, ಅಷ್ಟೆ. ಇನ್ನೂ ಹಸಿಯಾಗಿತ್ತು. ಬೆಳಗಿಂದ ನಾತವೆಂದು ಮೂಗು ಸಿಂಡರಿಸಿದವಳು ಅದನ್ನು ಅಂಗೈಯಲ್ಲಿ ಹಿಡಿದು ಮುತ್ತು ತೋರಿಸುವ ಹಾಗೆ ತೋರಿಸುತ್ತಿದ್ದಳು. ಮೊರ್ವೆನಾಗೆ ಅವಳನ್ನು ತಬ್ಬಿಕೊಳ್ಳಬೇಕೆನ್ನಿಸಿತು. ಕೆಸರಿನಲ್ಲಿ ಬೋರಲು ಬಿದ್ದು ತಲೆ ಹಾಕಿದರೆ ಭುಜ ಹಿಡಿಸಲಿಲ್ಲ. ಮಗ್ಗುಲಾಗಿ ತೆವಳಿದಳು. ನೀಲಿ ಸ್ವೆಟರು ಕೆಸರು ಕುಡಿಯಿತು. ಒಳಗೆ ಕತ್ತಲು, ತಣ್ಣಗಿನ ನೀರಿನ ಸದ್ದು, ಆ ಸದ್ದಿನ ಆಚೆ ಯಾರೋ ಹಲ್ಲು ಕಡಿದ ಹಾಗೆ ಒಂದು ಹಿಸ್ಸೆನ್ನುವ ಶಬ್ದ. ಮರಿ ಹೆದರಿದೆ. ಬಲವಂತ ಮಾಡಿದರೆ ಆಚೆ ಬದಿಯಿಂದ ರಸ್ತೆಗೆ ಓಡುತ್ತದೆ. "ಹಹ್, ಹಹ್" ಎಂದು ತಾಯಿಯ ಹಾಗೆ ಗಂಟಲಿನಲ್ಲಿ ಕರೆದಳು. ಬರಲಿಲ್ಲ. ಮತ್ತೆ ಕರೆದಳು. ಕತ್ತಲಿನಲ್ಲಿ ಒಂದು ಗುಂಡನೆಯ ನೆರಳು ಇನ್ನಷ್ಟು ಹಿಂದಕ್ಕೆ ಸರಿಯಿತು. ಇನ್ನೇನು ಮಾಡುವುದೆಂದು ತೋಚದೆ ಬಲಗೈಯನ್ನು ಮುಂದೆ ಚಾಚಿ ಸುಮ್ಮನೆ ಮಲಗಿಬಿಟ್ಟಳು.

ಎಷ್ಟು ಹೊತ್ತೋ ತಿಳಿಯಲಿಲ್ಲ. ಮೊದಲು ತಾಗಿದ್ದು ಉಸಿರು. ಮಣಿಕಟ್ಟಿನ ಹತ್ತಿರ, ಸ್ವೆಟರಿನ ಅಂಚಿನಲ್ಲಿ, ಬಿಸಿಯಾದ, ಅವಸರದ ಉಸಿರು. ಅದು ಮೂಸುತ್ತ ಮೂಸುತ್ತ ಮೊಣಕೈಯವರೆಗೆ ಬಂತು, ಮತ್ತೆ ಮಣಿಕಟ್ಟಿಗೆ ಹೋಯಿತು. ಬೆಳಗಿಂದ ಅವಳು ಮೇಜಿನ ಕೆಳಗೆ ಬಚ್ಚಿಟ್ಟಿದ್ದ ತೋಳು. ಆಮೇಲೆ ಒಂದು ಒದ್ದೆ ಬಾಯಿ ಉಣ್ಣೆಯನ್ನು ಕಚ್ಚಿ ಹಿಡಿದು ಚೀಪತೊಡಗಿತು. ತೊಳೆದಿದ್ದರೆ ಎಂದುಕೊಂಡು ಅವಳು ತೋಳನ್ನು ಅಲುಗಿಸದೆ ಹಿಡಿದಳು. ಹೊರಗಿನಿಂದ ಐಲ್ಸಾ ಕೋಲಿನಿಂದ ಸಿಮೆಂಟು ಕುಟ್ಟಿದರು. "ಏನಿದೆಯೇ? ಬಾಯ್ಬಿಟ್ಟು ಹೇಳು!" ಮೊರ್ವೆನಾ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. "ಒಂದು ಮೂಗು. ಎರಡು ಕಿವಿ. ಗಾಯ ಇಲ್ಲ. ಮೈ ತುಂಬ ಕೂದಲು. ಬೆಚ್ಚಗಿದೆ, ಐಲ್ಸಾ. ಬೆಚ್ಚಗಿದೆ." ಮೇಲೆ ಯಾರೋ ಚಪ್ಪಾಳೆ ತಟ್ಟಲು ಹೋಗಿ ಇನ್ಯಾರದೋ ಕೈಯಲ್ಲಿ ಏಟು ತಿಂದ ಸದ್ದಾಯಿತು.

ಮರಿಯನ್ನು ಮೆಲ್ಲಗೆ ಸ್ವೆಟರಿನೊಳಗೆ ಸೇರಿಸಿಕೊಂಡಳು. ಹಿಂದಕ್ಕೆ ತೆವಳುವುದು ಮುಂದಕ್ಕೆ ತೆವಳಿದಷ್ಟು ಸುಲಭವಿರಲಿಲ್ಲ. ಡೆನ್ಜಿಲ್ ಮತ್ತು ಪೆಟ್ರಾ ಆಳಿಗೊಂದು ಕಾಲು ಹಿಡಿದು ಎಳೆದರು. ಮೊದಲು ಬೂಟು, ಆಮೇಲೆ ಅವಳ ದೊಡ್ಡ ಹಿಂಭಾಗ, ಅದೂ ರಸ್ತೆಯ ಕಡೆಗೇ, ಕೊನೆಗೆ ಕೆಸರು ಮೆತ್ತಿದ ತಲೆ ಹೊರಗೆ ಬಂತು. ಅವಳ ಎದೆಯ ಮೇಲೆ, ಸ್ವೆಟರಿನ ಒಳಗೆ, ಮೊಲಕ್ಕಿಂತ ದಪ್ಪನೆಯ ಒಂದು ಮುದ್ದೆ ತೋಳಿನ ಅಂಚನ್ನು ಬಾಯಿಯಿಂದ ಬಿಡದೆ ಅವಿತುಕೊಂಡಿತ್ತು. ಆಗ ಮೇಲಿನ ತಿರುವಿನಿಂದ ವ್ಯಾನೊಂದು ಇಳಿದು ಬಂದು ನಿಧಾನವಾಯಿತು. ಹಿಂಭಾಗದ ತುಂಬ ಸೌದೆ, ಸೌದೆಯ ಮೇಲೆ ಎರಡು ನಾಯಿ. ಕೆಂಪು ಗಡ್ಡದವನು ಕಿಟಕಿಯಿಂದ ತಲೆ ಹೊರಗೆ ಹಾಕಿ, ಅಷ್ಟು ಜನರನ್ನೂ ಕಾರುಗಳನ್ನೂ ಕೆಸರಿನಲ್ಲಿ ಕಾಲು ಚಾಚಿ ಕೂತ ಅವಳನ್ನೂ ನೋಡಿ, "ಏನಮ್ಮಾ, ಇನ್ನೂ ಸಿಕ್ಲಿಲ್ವಾ ಬೀಗದ ಕೈ?" ಎಂದ. ಡೆನ್ಜಿಲ್ ಮುಷ್ಟಿ ಬಿಗಿದು ಒಂದು ಹೆಜ್ಜೆ ಮುಂದಿಟ್ಟ.

"ಸಿಕ್ತು ಕಣಪ್ಪ!" ಎಂದು ಮೊರ್ವೆನಾ ಕೂಗಿದಳು, ಅಳುತ್ತಲೂ ನಗುತ್ತಲೂ, ಆ ತಿರುವಿಗೆಲ್ಲ ಕೇಳುವ ಹಾಗೆ. "ಸಿಕ್ತು, ನೋಡು!" ಎಂದು ಸ್ವೆಟರಿನ ಅಂಚು ಸ್ವಲ್ಪ ಸರಿಸಿದಳು. ಒಂದು ಅಗಲ ಮೂಗು, ನಿದ್ದೆಗಣ್ಣು ಹೊರಗೆ ಬಂದು ಬೆಳಕಿಗೆ ಮುಚ್ಚಿಕೊಂಡವು. ಕೆಂಪು ಗಡ್ಡದವನು ಹಿಂದಕ್ಕೆ ತಿರುಗಿ ನಾಯಿಗಳಿಗೆ ಸುಮ್ಮನಿರಿ ಎಂದು ಗದರಿದ. ಆಮೇಲೆ ಕೈ ಚಾಚಿ ಎಂಜಿನ್ ಆರಿಸಿದ.